ಕೆಂಪು ದೀಪ ಆರಿಸುವ ಮುನ್ನ

ಸಸ್ಕಾಚೆವಾನಿನ ಈ ಬಯಲಲ್ಲಿ
ಅಡ್ಡ ಬರಲು ಒಂದು ದಿಬ್ಬವೂ ಇಲ್ಲ.
ಕಣ್ಣು ಹರಿದಷ್ಟೂ ಮೈದಾನ,
ಆಡಲು ಮಾತ್ರ ಜಾಗವಿಲ್ಲ.
ಕನೋಲಾ ಬಿತ್ತಿದ ಹೊಲ, ತಂತಿಬೇಲಿ, ಹೆದ್ದಾರಿ.
ಹೆದ್ದಾರಿಯ ಅಂಚು ಒಂದು ಮೊಳ,
ಅದರಾಚೆ ಚರಂಡಿ.

ಒಡಾರ್ಕಾ ನನ್ನ ಬಸ್ಸಿನಿಂದ ಕೊನೆಗಿಳಿಯುವ ಮಗು.
ಒಂಬತ್ತು ವರ್ಷ. ಹೋಗುತ್ತ ಎಪ್ಪತ್ತು ನಿಮಿಷ,
ಬರುತ್ತ ಎಪ್ಪತ್ತು,
ಕಾಲು ನೆಲಕ್ಕೆಟುಕದ ಸೀಟಿನಲ್ಲಿ.
ಅವಳೂರಿನ ಶಾಲೆ ಮುಚ್ಚಿದ ವರ್ಷ
ಉಯ್ಯಾಲೆಯ ಸರಪಳಿ ಬಿಚ್ಚಿ ಯಾರೋ ಒಯ್ದರು,
ಗೇಟು ಬಿಗಿಯಲು ಇರಬೇಕು.
ಹಾಕಿ ಆಡೋಣವೆಂದರೆ ಊರಿಗೆಲ್ಲ ನಾಲ್ಕು ಮಕ್ಕಳು,
ಒಬ್ಬನಿಗಿನ್ನೂ ಹಾಲುಹಲ್ಲು.
ದೊಡ್ಡ ಶಾಲೆಯಲ್ಲಿ ಅಭ್ಯಾಸ ನಾಲ್ಕಕ್ಕೆ ಶುರು;
ಮೂರೂ ಇಪ್ಪತ್ತಕ್ಕೆ ನಾನು ಹಾರ್ನ್ ಒತ್ತುತ್ತೇನೆ.
ಅವಳ ಪಾಲಿಗೆ ನಾನೂ ಒಂದು ಅಡ್ಡಿಯೇ,
ಹಳದಿ ಬಣ್ಣದ್ದು, ನಲವತ್ತೆಂಟು ಸೀಟಿನದು.

ಮೊನ್ನೆ ಶಾಲೆಯಲ್ಲಿ ಒಂದು ಹಾಳೆ ಕೊಟ್ಟಿದ್ದರು:
ದಿನಕ್ಕೆ ಎಷ್ಟು ನಿಮಿಷ ಓಡುತ್ತೀಯ?
ಪೆನ್ಸಿಲ್ ಕಚ್ಚುತ್ತ ಕನ್ನಡಿಯೊಳಗಿಂದ ಕೇಳಿದಳು,
"ಓರೆಸ್ಟ್ ತಾತಾ,
ಬಸ್ಸು ಓಡಿದ್ದು ಲೆಕ್ಕಕ್ಕೆ ಬರುತ್ತಾ?"
ನಗಬೇಕೆಂದಿದ್ದೆ.
ಗೇರು ಬದಲಿಸಿದೆ.

ಅಂಚೆಪೆಟ್ಟಿಗೆಯಿಂದ ಅವಳ ಮನೆ ಬಾಗಿಲಿಗೆ
ಅರ್ಧ ಮೈಲಿ ಜಲ್ಲಿದಾರಿ.
ನಡುವೆ ಪಕ್ಕದ ಹೊಲದವರ ನಾಯಿ, ಕಟ್ಟಿಹಾಕದ್ದು.
ಮಗು ಇಳಿದು ರಸ್ತೆ ದಾಟಿದರೆ ನನ್ನ ಕೆಲಸ ಮುಗಿಯಿತು,
ಕೆಂಪು ದೀಪ ಆರಿಸಿ ಹೊರಡಬೇಕು. ಅದು ನಿಯಮ.
ನಾನು ಆರಿಸುವುದಿಲ್ಲ.
ದೀಪ ಮಿನುಗುವತನಕ ಹೆದ್ದಾರಿ ಅಲುಗುವಂತಿಲ್ಲ.
ಗೋಧಿ ಲಾರಿಗಳು ಹಿಂದೆ ಸಾಲುಗಟ್ಟಿ ಬೊಬ್ಬಿಡಲಿ,
ಎದುರಿನವನು ಗಾಜಿಳಿಸಿ ನನ್ನ ಏಳು ತಲೆಮಾರು ಜಾಲಾಡಲಿ,
ಅವಳು ಓಡುತ್ತಿದ್ದಾಳೆ,
ಚೀಲ ಬೆನ್ನಿಗೆ ದಬದಬ ಬಡಿಯುತ್ತಿದೆ,
ನಾಯಿ ತಲೆಯೆತ್ತಿದರೆ ಹಾರ್ನಿನ ಮೇಲೆ ನನ್ನ ಅಂಗೈ,
ಅವಳು ಚುಕ್ಕೆಯಾಗುವತನಕ,
ಚುಕ್ಕೆ ಬಾಗಿಲೊಳಗೆ ಹೋಗುವತನಕ.
ನಾಲ್ಕು ನಿಮಿಷ ಹತ್ತು ಸೆಕೆಂಡು.
ಮರುದಿನ ಹಾಳೆಯಲ್ಲಿ ಐದು ಎಂದಿತ್ತು.
ಇರಲಿ ಬಿಡು ಎಂದೆ.

ಈಗ ಡಿಸೆಂಬರ್. ಮೈನಸ್ ಮೂವತ್ತು.
ಅಂಚೆಪೆಟ್ಟಿಗೆಯ ಬಳಿ ಅವಳಮ್ಮನ ಪಿಕಪ್,
ಇಂಜಿನ್ ಗುರುಗುಡುತ್ತಲೇ ಇದೆ.
ಒಂದು ಬೆಚ್ಚನೆ ಸೀಟಿನಿಂದ ಇನ್ನೊಂದಕ್ಕೆ
ಏಳು ಹೆಜ್ಜೆ.
ಅವಳು ನೇರ ಹೋಗುವುದಿಲ್ಲ.
ಪಿಕಪ್ಪಿನ ಹಿಂದಿನಿಂದ ಸುತ್ತಿ ಬಂದು
ಹದಿನಾರು ಮಾಡಿಕೊಳ್ಳುತ್ತಾಳೆ.