ಯಾತರ ಡಾಕ್ಟರ್ರಿ

ಬೋರ್ಡು ಓದಿ ಒಳಗೆ ಬಂದವರೂ ಕೇಳುತ್ತಾರೆ:
"ಎಲುಬಿನವ್ರಲ್ಲ, ಕಣ್ಣಿನವ್ರಲ್ಲ, ಹೆರಿಗಿ ಮಾಡ್ಸಾವ್ರೂ ಅಲ್ಲ,
ಹಂಗಾದ್ರ ನೀವು ಯಾತರ ಡಾಕ್ಟರ್ರಿ?"
ಹನ್ನೊಂದು ವರ್ಷವಾಯಿತು ಗದಗಿನಲ್ಲಿ,
ಸ್ಟೇಶನ್ ರೋಡಿನ ಈ ಮಹಡಿಯ ಕೋಣೆಯಲ್ಲಿ.
ಇನ್ನೂ ಒಂದೇ ಮಾತಿನ ಉತ್ತರ ಸಿಕ್ಕಿಲ್ಲ.
ಒಳಗಿನದು, ಎನ್ನುತ್ತೇನೆ.
"ಒಳಗ ಅಂದ್ರ ಎಲ್ಲಿರಿ?"

ಬೆಟಗೇರಿಯಿಂದ ಬಂದರು ತುಳಸಾಬಾಯಿ ಬಾಕಳೆ,
ಸೀರೆ ಅಂಗಡಿಯ ಚೀಲದಲ್ಲಿ ನಾಲ್ಕು ಫೈಲು.
ಕೈ ಜುಮುಗುಟ್ಟಿದ್ದಕ್ಕೆ ಎಲುಬಿನವರು,
ದನಿ ಒಡೆದಿದ್ದಕ್ಕೆ ಗಂಟಲಿನವರು,
ನಾಡಿ ನಿಧಾನವೆಂದು ಹುಬ್ಬಳ್ಳಿಯ ಎದೆಯವರು,
ಸುಮ್ಮಸುಮ್ಮನೆ ಅಳು ಬರುತ್ತದೆಂದು
ಧಾರವಾಡದ ತನಕ, ಮನಸ್ಸಿನವರ ಬಳಿ.
ಯಾರೂ ತಪ್ಪು ಬರೆದಿಲ್ಲ.
ತಮ್ಮ ತಮ್ಮ ಓಣಿಯ ಮನೆ ಎಣಿಸಿದ್ದಾರೆ, ಅಷ್ಟೆ.

ಫೈಲು ಬದಿಗಿಟ್ಟು,
ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ,
ಹಿಮ್ಮಡದ ಮೇಲಿನ ಹುರಿಗೆ ಸುತ್ತಿಗೆ ತಾಗಿಸಿದೆ.
ಪಾದ ಜಿಗಿಯಿತು.
ಮರಳುವಾಗ ಮಾತ್ರ ಮೆಲ್ಲಗೆ,
ಯಾಕೆ ಹೋಗಿದ್ದೆನೆಂಬುದೇ ಮರೆತಂತೆ.
"ಲಾಳಿ ಸಿಗಿಬಿದ್ದಂಗ ಆತಲ್ರಿ" ಅಂದರು, ಅವರೇ.
ಕೊರಳಿನ ಸಣ್ಣ ಗ್ರಂಥಿಯೊಂದು ಕೆಲಸ ಬಿಟ್ಟು ಕೂತಿತ್ತು.
ರಕ್ತದ ಚೀಟಿಯೂ ಮರುದಿನ ಅದನ್ನೇ ಹೇಳಿತು.
ದಿನಕ್ಕೊಂದು ಗುಳಿಗೆ, ಮುಂಜಾನೆ, ಚಹಾಕ್ಕೂ ಮೊದಲು.

ಆ ಸಂಜೆ ತುಸು ಬೀಗಿದ್ದೆ, ಹೇಳಿಬಿಡುತ್ತೇನೆ.
ಒಂಬತ್ತಕ್ಕೆ ಮುಳಗುಂದ ನಾಕಾದಿಂದ
ಹೊತ್ತು ತಂದರು ಗ್ಯಾರೇಜಿನ ಹುಡುಗ ದಾವಲನನ್ನು.
ಹೊಟ್ಟೆ ಮುಟ್ಟಿದೆ: ಹಲಗೆ.
ಎಲ್ಲ ಗೊತ್ತಾಯಿತು.
ಕತ್ತಿ ಕಲಿತ ಕೈ ಬೇರೆ.
ಸಲಾಯಿನ್ ಹಚ್ಚಿಸಿದೆ, ಚೀಟಿ ಬರೆದೆ, ಫೋನು ಮಾಡಿದೆ,
ಆಂಬುಲೆನ್ಸು ಬಂದಾಗ ನಾನೂ ಹತ್ತಿದೆ, ಯಾಕೆಂದು ಕೇಳಬೇಡಿ.
ಅಣ್ಣಿಗೇರಿ ದಾಟುವಾಗ ಅವನ ನಾಡಿ
ನನ್ನ ಮೂರು ಬೆರಳ ಕೆಳಗೆ ಓಡುತ್ತಿತ್ತು
ನನ್ನನ್ನು ಹಿಂದೆ ಬಿಟ್ಟು.

ಹುಬ್ಬಳ್ಳಿ. ರಾತ್ರಿ ಹನ್ನೊಂದೂವರೆ.
ಸ್ಟ್ರೆಚರು ಹೋಯಿತು, ಬಾಗಿಲು ಎರಡು ಸಲ ತೂಗಿ ನಿಂತಿತು,
ಮೇಲೆ ಕೆಂಪು ದೀಪ.
ಒಳಗು ಅಂದರೆ ಈಗ ಅದು.
ಕೊರಳಲ್ಲಿದ್ದ ಸ್ಟೆತಾಸ್ಕೋಪು ಮಡಚಿ ಪರ್ಸಿಗಿಟ್ಟೆ.
ಬೆಂಚಿನ ಮೇಲೆ ಸರಿದು ಜಾಗ ಕೊಟ್ಟ ಮುದುಕಿ
ರೊಟ್ಟಿ ಗಂಟು ಮಡಿಲಿಗೆಳಕೊಂಡು ಕೇಳಿದಳು:
"ನೀವ್ ಯಾರ ಕಡೆಯಾವ್ರವ್ವಾ?"