ಸ್ಥಳ ಪರಿಶೀಲನೆ

ಕೌಲ್‌ಬಜಾರಿನ ಕೋಣೆಗೆ ಲೆಕ್ಕಿಗರು ಬಂದರು.
ಮೊದಲು ಬಾಗಿಲ ಚಪ್ಪಲಿ ಲೆಕ್ಕ ಹಾಕಿದರು:
ಒಂದು ಜೊತೆ.
“ಮತ್ಯಾರೂ ಇಲ್ಲೇನವ್ವಾ?”
ಇಲ್ರಿ.
“ಇಲ್ಲ ಅನ್ನಾಕ ಕಾಗದ?”

ಇದ್ದಾನೆ ಅನ್ನುವುದಕ್ಕಿದೆ:
ರೇಷನ್ ಕಾರ್ಡಿನಲ್ಲಿ ಗಾದಿಲಿಂಗಪ್ಪ, ನಲವತ್ತೆಂಟು ವರ್ಷ,
ಎಂಟು ವರ್ಷದಿಂದ ಹೆಬ್ಬೆಟ್ಟು ಒತ್ತಿಲ್ಲ.
ವಿದ್ಯಾರ್ಥಿವೇತನಕ್ಕೆ ಅವನ ಆದಾಯ ಬೇಕಂತೆ,
ಅವನು ಬೇಕಿಲ್ಲವಂತೆ.

ನನ್ನದು ಬರಕೊಳ್ಳಿ ಸರ್:
ರಾತ್ರಿ ಜೀನ್ಸಿಗೆ ಜಿಪ್ ಕೂರಿಸಿದರೆ
ಒಂದಕ್ಕೆ ಮೂರು ರೂಪಾಯಿ;
ಇಂಟರ್ನಲ್ಸ್ ಇದ್ದ ವಾರ ಸೊನ್ನೆ.

ಅವರು ನೀರು ಕೇಳಿದರು.
ಇದ್ದೊಂದು ಲೋಟ ತೊಳೆದು ಕೊಟ್ಟೆ.
ಅರ್ಧ ಕುಡಿದು, ಲೋಟವನ್ನೇ ನೋಡುತ್ತ ಕೂತು,
ಪೆನ್ನಿನ ಮುಚ್ಚಳ ತೆಗೆದರು.

ಪೋಷಕರ ಸಹಿಯ ಖಾಲಿ ಜಾಗಕ್ಕೆ
ನನ್ನ ಬೆರಳಿನ ಬಟ್ಟೆನೀಲಿ ಹತ್ತಿಬಿಟ್ಟಿತ್ತು.
ದುಪಟ್ಟಾದಿಂದ ಒರೆಸಲು ಹೋದೆ.
“ಇರಲಿ ಬಿಡವ್ವ,
ತಿದ್ದಿದರ ಅರ್ಜಿ ವಾಪಸ್ ಬರ್ತದ.”