ಕೆ.ಜಿ.ಗೆ ಎಷ್ಟು

ಆಫರ್ ಲೆಟರನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿದಳು,
ಕಳ್ಳನೋಟು ನೋಡುವವರ ಹಾಗೆ.
ಓದಲು ಬಾರದೆಂದಲ್ಲ, ಓದಿ ಮುಗಿಸಿದ ಮೇಲೂ ಕೇಳಿದಳು:
"ಅದೆಲ್ಲ ಸರಿ ಕಣೇ, ಕೆ.ಜಿ.ಗೆ ಎಷ್ಟು?"

ಕೆ.ಜಿ. ಅಲ್ಲಮ್ಮ, ಚೌಕಕ್ಕೆ.
ಪರದೆಯ ಮೇಲೆ ಒಂದು ಕಾಫಿ ಬೀಜ,
ಅದರ ಸುತ್ತ ಒಂದು ಚೌಕ ಎಳೆದರೆ
ನಲವತ್ತೆರಡು ಪೈಸೆ.

ಮಾರ್ಕೆಟ್ ರಸ್ತೆಯ ಟೈರಿನಂಗಡಿ ಮೇಲೆ, ಮೂರನೇ ಮಹಡಿ.
ಹತ್ತೊಂಬತ್ತು ಕಂಪ್ಯೂಟರು, ಒಂದು ಏಸಿ.
ಏಸಿ ಸರ್ವರಿಗೆ, ನಮಗಲ್ಲ.
ಕೆಳಗೆ ಹುಡುಗ ಟ್ಯೂಬಿಗೆ ಗಾಳಿ ತುಂಬುತ್ತಾನೆ, ಮೇಲೆ ನಾವು
ಯಾವುದೋ ದೇಶದ ಯಾವುದೋ ಯಂತ್ರಕ್ಕೆ
ನೋಡುವುದು ಕಲಿಸುತ್ತೇವೆ:
ಇದು ಕರಿ, ಇದು ಕಂದು, ಇದು ಚೂರು,
ಇದು ಹುಳ ಕೊರೆದದ್ದು,
ಇದು ಒಳ್ಳೆಯದು, ಬಿಡು.

ಅಮ್ಮ ಇಪ್ಪತ್ತಾರು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಇದನ್ನೇ ಬೆರಳಲ್ಲಿ ಮಾಡಿದವಳು.
ಬಣ್ಣ ನೋಡಿ ಬೇರೆ ಮಾಡುವ ಮಿಷನ್ನು ಬಂದ ವರ್ಷ
ಮುನ್ನೂರು ಹೆಂಗಸರಲ್ಲಿ ಉಳಿದವರು ಮೂವತ್ತೆಂಟು,
ಮಿಷನ್ನು ಉಗಿದದ್ದನ್ನು ಮತ್ತೊಂದು ಸಲ ಆರಿಸಲು.
ಅಮ್ಮ ಹೇಗೆ ಉಳಿದಳೆಂದು ಕೇಳಿದರೆ
"ಮಾತು ಕಮ್ಮಿ ಆಡ್ತಿದ್ದೆ" ಅನ್ನುತ್ತಾಳೆ.
ಅದು ಸುಳ್ಳು.

ಸೇರಿದ ದಿನ ಟೀಮ್ ಲೀಡ್ ಸುಧನ್ವ
ಗೋಡೆಯ ಮೇಲೆ ಏಣಿಯ ಚಿತ್ರ ತೋರಿಸಿದ್ದ. ಐದು ಮೆಟ್ಟಿಲು.
ಒಂದರಲ್ಲಿ ನಾವೆಲ್ಲ, ಎರಡರಲ್ಲಿ ಅವನು.
"ಮೂರರಲ್ಲಿರೋರು ಎಲ್ಲಿ ಕೂರ್ತಾರೆ ಸರ್?"
ಕನಕಾಂಗಿ ಕೇಳಿಯೇ ಬಿಟ್ಟಳು.
ಅವನು ಮೇಲೆ ನೋಡಿದ.
ಮೇಲೆ ಟೆರೇಸು, ನೀರಿನ ಟ್ಯಾಂಕು.

ಎರಡು ವರ್ಷಕ್ಕೆ ಹೆಸರಿನ ಮುಂದೆ 'ಸೀನಿಯರ್' ಬಂತು,
ಸಂಬಳಕ್ಕೆ ಆರುನೂರ ಐವತ್ತು ಸೇರಿತು.
"ಸೀನಿಯರ್ ಅಂದ್ರೇನೇ?"
ಇನ್ನು ಮೇಲೆ ಬೇರೆಯವರ ತಪ್ಪೂ ನನ್ನದೇ ಅಂತ.
"ಓ, ಮೇಸ್ತ್ರಿ" ಅಂದಳು, ಒಗ್ಗರಣೆಗೆ ಸಾಸಿವೆ ಹಾಕಿದಳು.

ಆಫೀಸಿನಲ್ಲಿ ಕರೆಂಟು ಹೋದ ಒಂದು ರಾತ್ರಿ
ಲ್ಯಾಪ್‌ಟಾಪು ದಂಟರಮಕ್ಕಿಯ ನಮ್ಮ ಅಡುಗೆಮನೆಗೆ ಬಂತು.
ಅಮ್ಮ ದಾರ ಕಟ್ಟಿದ ಕನ್ನಡಕ ಏರಿಸಿ ಹಿಂದೆ ನಿಂತಳು.
"ಇದು ಕರಿಯಲ್ಲ."
ಕರಿಯೇ ಅಮ್ಮ.
"ನೆರಳು ಕಣೇ, ಪಕ್ಕದ ಬೀಜದ್ದು. ಒಂಚೂರು ಹೊರಳಿಸಿ ನೋಡು."
ಹೊರಳಿಸಲು ಬರುವುದಿಲ್ಲ.
ಪರದೆಯ ಮೇಲಿನ ಬೀಜಕ್ಕೆ ಬೆನ್ನಿಲ್ಲ.
ಆದರೂ ಅವಳ ಬೆರಳು ಹೋಗಿ ತಳ್ಳಿತು,
ಗಾಜಿನ ಮೇಲೆ ಒಂದು ಎಣ್ಣೆಗೆರೆ ಉಳಿಯಿತು.

ಆ ವಾರ ನನ್ನ ಆಕ್ಯುರಸಿ ತೊಂಬತ್ತೊಂದರಿಂದ ತೊಂಬತ್ತೆಂಟು.
ಏನು ಬದಲಾಯಿಸಿದಿರಿ ಅಂತ ಸುಧನ್ವ ಕರೆದು ಕೇಳಿದ.
ಕನ್ನಡಕ, ಅಂದೆ.

ಮೊನ್ನೆ ಮೀಟಿಂಗು, ಸಮೋಸ ಸಹಿತ.
ಮುಂದಿನ ತಿಂಗಳಿಂದ ಚೌಕ ಯಂತ್ರವೇ ಎಳೆಯುತ್ತದೆ,
ಕಲಿತಿದೆ, ಚೆನ್ನಾಗಿಯೇ ಕಲಿತಿದೆ.
ನಾವು ಹೌದು, ಅಲ್ಲ ಅಂದರೆ ಸಾಕು.
ಒಂದಕ್ಕೆ ಹನ್ನೊಂದು ಪೈಸೆ.
ವೇಗ ಜಾಸ್ತಿಯಾಗುವುದರಿಂದ ಗಳಿಕೆ ಕಮ್ಮಿಯಾಗದು
ಎಂದು ಸ್ಲೈಡಿನಲ್ಲಿ ಹಸಿರು ಬಾಣ.
ಕನಕಾಂಗಿ ಸಮೋಸದ ಕಾಗದದ ಮೇಲೆ ಲೆಕ್ಕ ಹಾಕಿದಳು:
"ನಾಲ್ಕು ನೋಡಿದ್ರೆ ನಲವತ್ನಾಲ್ಕು.
ಎರಡು ಪೈಸೆ ಲಾಭಾನೇ ಸರ್,
ಇನ್ನೆರಡು ಕಣ್ಣು ಕಂಪನಿ ಕೊಡುತ್ತಾ?"
ಯಾರೂ ನಗಲಿಲ್ಲ. ಸುಧನ್ವನ ಕಣ್ಣೂ ಕೆಂಪಗಿತ್ತು,
ಅವನ ಮೆಟ್ಟಿಲಿನ ವಿಷಯ ಸ್ಲೈಡಿನಲ್ಲಿರಲಿಲ್ಲ.

ಮನೆಗೆ ಬಂದು ಹೇಳಿದೆ.
ಅಮ್ಮ ನಿಟ್ಟುಸಿರು ಬಿಡಲಿಲ್ಲ.
"ಮಿಷನ್ನು ಉಗಿದದ್ದು ಆರಿಸೋದು. ಅಷ್ಟೇ ತಾನೇ?"
ಹೂಂ.
"ಎಷ್ಟು ಜನ ಉಳೀತೀರಿ?"
ಹೇಳಿಲ್ಲ.
"ಹೇಳಲ್ಲ" ಅಂದಳು. ತಟ್ಟೆ ಪಕ್ಕಕ್ಕೆ ಸರಿಸಿದಳು,
ಸೆರಗಿನಲ್ಲಿ ಕನ್ನಡಕ ಒರೆಸಿದಳು.
"ತೆಗಿ ಆ ಲ್ಯಾಪ್‌ಟಾಪು.
ಮೊದಲು ಹಳೇ ಬಾಕಿ.
ಅವತ್ತಿನ ಆ ನೆರಳು ನೋಡಿದ್ದು ನಾನು,
ಆಗಿನ್ನೂ ನಲವತ್ತೆರಡಿತ್ತು ರೇಟು."

ಕೈ ಚಾಚಿದಳು.
ನಗುತ್ತಾಳೇನೋ ಎಂದು ಕಾದೆ.
ಕೈ ಹಾಗೇ ಇತ್ತು.